ಪರದೆಯನ್ನು ಓದುವ ಧ್ವನಿ: ಸ್ಕ್ರೀನ್ ರೀಡರ್ ವಿನ್ಯಾಸಗಳ ಕಥೆ

ಗಣಕವು ನಮ್ಮೊಡನೆ ವ್ಯವಹರಿಸುವುದು ಬಹುಮಟ್ಟಿಗೆ ಅದರ ಪರದೆಯ ಮೂಲಕ. ಹಾಗಿರುವಾಗ ಕಣ್ಣು ಕಾಣದವರು ಅದನ್ನು ಬಳಸುವುದು ಹೇಗೆ? ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದ್ದರೆ ಸಾಕಲ್ಲವೇ ಎಂದು ಯಾರಿಗಾದರೂ ತೋಚುತ್ತದೆ. ಅಂಥ ತಂತ್ರಾಂಶಗಳು ಇವೆ. ಅವಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಲಕ್ಷಾಂತರ ಮಂದಿ ಅವುಗಳ ನೆರವಿನಿಂದ ಓದುತ್ತಿದ್ದಾರೆ, ಬರೆಯುತ್ತಿದ್ದಾರೆ, ಉದ್ಯೋಗ ಮಾಡುತ್ತಿದ್ದಾರೆ. ಆದರೆ 'ಪರದೆಯ ಮೇಲಿರುವುದು' ಎಂದರೆ ಏನು ಎಂಬ ಪ್ರಶ್ನೆ ಮಾತ್ರ ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ. ಅದು ಬೆಳಕಿನ ಚುಕ್ಕಿಗಳೇ? ಅಕ್ಷರಗಳೇ? ಅಥವಾ ಅವುಗಳ ಹಿಂದಿರುವ ಅರ್ಥವೇ?

ಮಾಹಿತಿಯು ಗಣಕದೊಳಗೆ ಹುಟ್ಟಿ, ಹಲವು ಹಂತಗಳನ್ನು ದಾಟಿ, ಕೊನೆಗೆ ಚುಕ್ಕಿಗಳಾಗಿ ಪರದೆಯನ್ನು ಸೇರುತ್ತದೆ. ಈ ಹಾದಿಯ ಯಾವ ಹಂತದಲ್ಲಿ ಅದನ್ನು ಹಿಡಿದು ಧ್ವನಿಯ ಕಡೆಗೆ ತಿರುಗಿಸಬೇಕು? ಕಳೆದ ನಾಲ್ಕು ದಶಕಗಳ ಸ್ಕ್ರೀನ್ ರೀಡರ್ ಇತಿಹಾಸವನ್ನು ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳ ಇತಿಹಾಸವೆಂದೇ ನೋಡಬಹುದು.

ಆಕಾರವೋ, ಅಕ್ಷರವೋ?

ಈ ಪ್ರಶ್ನೆ ಗಣಕಕ್ಕಿಂತ ಮೊದಲೇ, ಮುದ್ರಿತ ಪುಸ್ತಕದ ವಿಷಯದಲ್ಲಿ ಎದ್ದಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯುತ್ ಎಂಜಿನಿಯರ್ ಜಾನ್ ಲಿನ್‌ವಿಲ್ ಅವರ ಮಗಳಿಗೆ ದೃಷ್ಟಿ ಇರಲಿಲ್ಲ. ಅವಳಿಗಾಗಿ ಯೋಚಿಸುತ್ತ ಅವರು ರೂಪಿಸಿದ ಆಪ್ಟಕಾನ್ ಎಂಬ ಯಂತ್ರ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಒಂದು ಕೈಯಲ್ಲಿ ಪುಟ್ಟ ಕ್ಯಾಮೆರಾವನ್ನು ಸಾಲಿನ ಮೇಲೆ ಸರಿಸಿದರೆ, ಇನ್ನೊಂದು ಕೈಯ ಬೆರಳ ತುದಿಯ ಕೆಳಗೆ 144 ಸಣ್ಣ ಸೂಜಿಗಳು ಅದೇ ಅಕ್ಷರದ ಆಕಾರದಲ್ಲಿ ಕಂಪಿಸುತ್ತಿದ್ದವು. ಯಂತ್ರಕ್ಕೆ ಅಕ್ಷರಜ್ಞಾನ ಸ್ವಲ್ಪವೂ ಇರಲಿಲ್ಲ. ಗುರುತಿಸುವ ಕೆಲಸ ಪೂರ್ತಿ ಬೆರಳಿನದು.

1976ರಲ್ಲಿ ರೇ ಕರ್ಜ್‌ವೈಲ್ ಪ್ರಕಟಿಸಿದ ಓದುವ ಯಂತ್ರ ಇದಕ್ಕೆ ತದ್ವಿರುದ್ಧ. ಅದು ಪುಟವನ್ನು ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ತಾನೇ ಗುರುತಿಸಿ, ಸಂಶ್ಲೇಷಿತ ಧ್ವನಿಯಲ್ಲಿ ಓದುತ್ತಿತ್ತು. ಮೊದಲನೆಯದು ನಿಧಾನ, ಆದರೆ ಯಾವ ಲಿಪಿಯಾದರೂ, ರೇಖಾಚಿತ್ರವಾದರೂ ಸರಿ. ಎರಡನೆಯದು ವೇಗ, ಆದರೆ ತನಗೆ ತಿಳಿದ ಅಕ್ಷರಗಳು ಮಾತ್ರ. ಇರುವುದನ್ನು ಇದ್ದಂತೆ ಮುಟ್ಟಿಸುವುದೋ ಅಥವಾ ಅರ್ಥ ಮಾಡಿಕೊಂಡು ಹೇಳುವುದೋ ಎಂಬ ಮುಂದಿನ ವಾದಗಳ ಬೀಜ ಈ ಎರಡು ಯಂತ್ರಗಳಲ್ಲಿಯೇ ಇದೆ.

ಎರಡು ಸಾವಿರ ಮನೆಗಳು

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ, ಡಾಸ್ ಕಾಲದ ಪರದೆ ಎಂದರೆ 25 ಸಾಲು, ಸಾಲಿಗೆ 80 ಅಕ್ಷರ; ಒಟ್ಟು 2000 ಮನೆಗಳು. ಪ್ರತಿ ಮನೆಗೂ ಸ್ಮರಣಕೋಶದ ಗೊತ್ತಾದ ಜಾಗದಲ್ಲಿ ಎರಡು ಬೈಟ್ ಮೀಸಲು. ಒಂದರಲ್ಲಿ ಅಕ್ಷರದ ಸಂಕೇತ, ಇನ್ನೊಂದರಲ್ಲಿ ಅದರ ಬಣ್ಣ ಮತ್ತು ಹೊಳಪು. ಇದಕ್ಕಿಂತ ಅನುಕೂಲ ಬೇಕೆ? ಸ್ಕ್ರೀನ್ ರೀಡರ್ ಆ 4000 ಬೈಟುಗಳನ್ನು ಇಣುಕಿ ನೋಡಿ, ಅಕ್ಷರಗಳನ್ನು ಧ್ವನಿ ಸಂಶ್ಲೇಷಕಕ್ಕೆ ಕಳುಹಿಸಿದರೆ ಆಯಿತು.

ಆದರೂ ಕಷ್ಟಗಳಿದ್ದವು. ಎರಡು ಅಂಕಣಗಳಲ್ಲಿರುವ ಪಠ್ಯವನ್ನು ಸಾಲು ಸಾಲಾಗಿ ಓದಿದರೆ ಎರಡೂ ಕಲಸಿಹೋಗುತ್ತವೆ. ಪಟ್ಟಿಯಲ್ಲಿ ಯಾವುದು ಆಯ್ಕೆಯಾಗಿದೆ ಎಂಬುದು ಕಣ್ಣಿದ್ದವರಿಗೆ ಬಣ್ಣದಿಂದ ತಿಳಿಯುತ್ತದೆ. ಅದನ್ನು ಎರಡನೆಯ ಬೈಟಿನಿಂದ ಊಹಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು? ಕಣ್ಣು ಬೇಡದ್ದನ್ನು ಲಕ್ಷಿಸದೆ ಮುಂದೆ ಹೋಗುತ್ತದೆ. ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಅದಕ್ಕೆ ಒಂದು ಹೊತ್ತಿಗೆ ಒಂದೇ ಮಾತು.

ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಸೈದ್ಧಾಂತಿಕ ಗಣಕವಿಜ್ಞಾನದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದ ಜಿಮ್ ಥ್ಯಾಚರ್ ಮತ್ತು ಜೆಸ್ಸಿ ರೈಟ್ ಈ ಸಮಸ್ಯೆಗಳನ್ನು ಕೈಗೆತ್ತಿಕೊಂಡರು. ರೈಟ್ ಸ್ವತಃ ಅಂಧರು. 1986ರಲ್ಲಿ ಹೊರಬಂದ ಅವರ ಉತ್ಪನ್ನದ ಹೆಸರೇ 'ಐಬಿಎಂ ಸ್ಕ್ರೀನ್ ರೀಡರ್'. ಮುಂದೆ ಅದು ಇಡೀ ಜಾತಿಗೇ ಅಂಟಿದ ಹೆಸರಾಯಿತು. ಕೀಲಿಮಣೆಯ ಕೀಲಿಗಳನ್ನು ಎರವಲು ಪಡೆದರೆ ಬೇರೆ ತಂತ್ರಾಂಶಗಳೊಡನೆ ಜಗಳ ಬರುತ್ತದೆಂದು ಅದಕ್ಕೆ ಪ್ರತ್ಯೇಕವಾದ 18 ಕೀಲಿಗಳ ಪುಟ್ಟ ಮಣೆ ಇತ್ತು. ಅದಕ್ಕಿಂತ ದೂರದೃಷ್ಟಿಯ ಅಂಶವೆಂದರೆ, ಒಂದೊಂದು ತಂತ್ರಾಂಶದಲ್ಲಿ ಏನನ್ನು, ಹೇಗೆ ಓದಬೇಕು ಎಂಬುದನ್ನು ಬಳಕೆದಾರನೇ ಬರೆದಿಡಲು ಒಂದು ಪುಟ್ಟ ಕ್ರಮವಿಧಿ ಭಾಷೆಯನ್ನೂ ಒದಗಿಸಿದ್ದರು. 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟಾರ್‌ಸೈಕಲ್ ಸ್ಪರ್ಧಿ ಟೆಡ್ ಹೆಂಟರ್ ಅವರ ಕಂಪೆನಿಯ 'ಜಾಸ್' 1989ರಲ್ಲಿ ಡಾಸ್‌ಗೆ ಬಂದಾಗ ಕಲ್ಪನೆ ಇನ್ನಷ್ಟು ಬೆಳೆಯಿತು.

ಧ್ವನಿಯ ಬಗ್ಗೆ ಒಂದು ಮಾತು. ಎಂಐಟಿಯ ಡೆನ್ನಿಸ್ ಕ್ಲ್ಯಾಟ್ ಅವರ ಸಂಶೋಧನೆಯಿಂದ 1984ರ ಸುಮಾರಿಗೆ ಡೆಕ್‌ಟಾಕ್ ಎಂಬ ಸಂಶ್ಲೇಷಕ ಹುಟ್ಟಿತು. ಗಂಟಲಿನ ಕಂಪನವನ್ನು ಒಂದು ಆಕರವೆಂದೂ, ಬಾಯಿ ಮೂಗುಗಳ ಪೊಳ್ಳನ್ನು ಕೆಲವು ಅನುರಣನೆಗಳ ಸರಣಿಯೆಂದೂ ಭಾವಿಸಿ ಲೆಕ್ಕದಿಂದಲೇ ಮಾತನ್ನು ಕಟ್ಟುವ ವಿಧಾನವಿದು. ಸ್ಟೀಫನ್ ಹಾಕಿಂಗ್ ಅವರದೆಂದು ನಾವೆಲ್ಲ ಬಲ್ಲ ಧ್ವನಿಯೂ ಕ್ಲ್ಯಾಟ್ ಅವರ ಕೆಲಸದಿಂದಲೇ ಬಂದದ್ದು. ಕೇಳಲು ಲೋಹದ ಸದ್ದಿನಂತಿದ್ದರೂ ಇದಕ್ಕೊಂದು ಗುಣವಿದೆ: ವೇಗ ಹೆಚ್ಚಿಸಿದರೂ ಉಚ್ಚಾರ ಕಲಸಿಹೋಗುವುದಿಲ್ಲ. ನಾವು ಮಾತನಾಡುವುದು ನಿಮಿಷಕ್ಕೆ ಸುಮಾರು 150 ಪದ. ಪಳಗಿದ ಅಂಧ ಬಳಕೆದಾರರು ಅದರ ಎರಡು ಪಟ್ಟು, ಅದಕ್ಕೂ ಹೆಚ್ಚು ವೇಗದಲ್ಲಿ ಕೇಳುತ್ತಾರೆ. ಮಾನವ ಧ್ವನಿಯನ್ನು ಹೋಲುವ ಇಂಪಾದ ಧ್ವನಿಗಳು ಇಂದು ಸುಲಭವಾಗಿ ಸಿಗುತ್ತಿದ್ದರೂ ಅನೇಕರು ಹಳೆಯ ಬಗೆಯ ಧ್ವನಿಯನ್ನೇ ಇಷ್ಟಪಡಲು ಇದೇ ಕಾರಣ.

ಚುಕ್ಕಿಗಳ ಗೋಡೆ

1984ರಲ್ಲಿ ಮ್ಯಾಕಿಂತೋಷ್, 1990ರಲ್ಲಿ ವಿಂಡೋಸ್ 3.0. ಚಿತ್ರಾತ್ಮಕ ಪರದೆ ಎಲ್ಲರಿಗೂ ಗಣಕವನ್ನು ಸುಲಭ ಮಾಡಿತು ಎನ್ನುತ್ತಾರೆ. ಅಂಧರ ಪಾಲಿಗೆ ಅದು ಗೋಡೆ. ಡಾಸ್ ಜಗತ್ತಿನಲ್ಲಿ ಕಚೇರಿ ಕೆಲಸ ಗಳಿಸಿದ್ದವರಿಗೆ, ಕಚೇರಿ ವಿಂಡೋಸ್‌ಗೆ ಬದಲಾದ ದಿನ ಹೊಟ್ಟೆಪಾಡಿನ ಪ್ರಶ್ನೆಯೇ ಎದುರಾಯಿತು. ಕಾರಣ ಸರಳ. 640 × 480ರ ಪರದೆಯಲ್ಲಿ 3,07,200 ಚುಕ್ಕಿಗಳಿವೆ. ಅಕ್ಷರ ಒಂದೂ ಇಲ್ಲ! 'ಅ' ಎಂಬುದು ಅಲ್ಲಿ ಒಂದು ಬಗೆಯಲ್ಲಿ ಬಣ್ಣ ಪಡೆದ ಚುಕ್ಕಿಗಳ ಗುಂಪು ಅಷ್ಟೆ. ಸ್ಮರಣಕೋಶವನ್ನು ಎಷ್ಟು ಇಣುಕಿದರೂ ಅಕ್ಷರದ ಸಂಕೇತ ಸಿಗದು.

ಪರಿಹಾರ ಹೊಳೆದದ್ದು ಒಂದು ಹೆಜ್ಜೆ ಹಿಂದೆ ಸರಿದಾಗ. ತಂತ್ರಾಂಶವು ಚುಕ್ಕಿಗಳನ್ನು ತಾನೇ ಇಡುವುದಿಲ್ಲ. 'ಇಂಥ ಜಾಗದಲ್ಲಿ, ಇಂಥ ಅಕ್ಷರಶೈಲಿಯಲ್ಲಿ, ಈ ಪದವನ್ನು ಬರೆ' ಎಂದು ಕಾರ್ಯಾಚರಣ ವ್ಯವಸ್ಥೆಗೆ ಆಜ್ಞೆ ಕೊಡುತ್ತದೆ. ಆ ಕ್ಷಣದಲ್ಲಿ ಪದ ಇನ್ನೂ ಪದವಾಗಿಯೇ ಇದೆ. ಆಜ್ಞೆಯನ್ನು ಮಧ್ಯದಲ್ಲೇ ಹಿಡಿದು, ಒಂದು ಪ್ರತಿ ಮಾಡಿಕೊಂಡು, ಮುಂದೆ ಬಿಟ್ಟರೆ? ಹೀಗೆ ಸಂಗ್ರಹಿಸಿದ ಪ್ರತಿಗಳಿಂದ ಪರದೆಯ ಹಿಂದೆ ಒಂದು ಗುಪ್ತ ನಕ್ಷೆಯನ್ನು ಕಟ್ಟಬಹುದು. ಇದಕ್ಕೆ 'ಆಫ್-ಸ್ಕ್ರೀನ್ ಮಾಡೆಲ್' ಎಂದು ಹೆಸರು. ಕ್ಯಾಲಿಫೋರ್ನಿಯದ ಬರ್ಕ್ಲಿ ಸಿಸ್ಟಮ್ಸ್ 1989ರಲ್ಲಿ ಮ್ಯಾಕಿಂತೋಷ್‌ಗೆ ತಂದ 'ಔಟ್‌ಸ್ಪೋಕನ್' ಚಿತ್ರಾತ್ಮಕ ಪರದೆಯನ್ನು ಓದಿದ ಮೊದಲ ವಾಣಿಜ್ಯ ತಂತ್ರಾಂಶ. (ಆ ಕಂಪೆನಿ ಜಗತ್ತಿಗೆ ಪರಿಚಯವಾದದ್ದು ಮಾತ್ರ ರೆಕ್ಕೆ ಕಟ್ಟಿಕೊಂಡು ಹಾರುವ ಬ್ರೆಡ್ ಟೋಸ್ಟರ್‌ಗಳ ಸ್ಕ್ರೀನ್ ಸೇವರ್‌ನಿಂದ.) ಐಬಿಎಂನ ರಿಚರ್ಡ್ ಶ್ವೆರ್ಟ್‌ಫೆಗರ್ 1991ರಲ್ಲಿ 'ಬೈಟ್' ಪತ್ರಿಕೆಯಲ್ಲಿ ಈ ವಿಧಾನವನ್ನು ವಿವರಿಸಿ ಬರೆದರು. 1995ರಲ್ಲಿ ವಿಂಡೋಸ್‌ಗೆ ಬಂದ ಜಾಸ್ ಮತ್ತು ವಿಂಡೋ-ಐಸ್ ಎರಡೂ ಇದೇ ತಳಹದಿಯ ಮೇಲೆ ನಿಂತವು.

ನಕ್ಷೆಯನ್ನು ಸರಿಯಾಗಿ ಇಟ್ಟುಕೊಳ್ಳುವುದು ಎಂಥ ಕಷ್ಟದ ಕೆಲಸವೆಂದು ಊಹಿಸಿ. ಒಂದು ಕಿಟಕಿ ಇನ್ನೊಂದನ್ನು ಮುಚ್ಚಿದರೆ ಅಷ್ಟು ಭಾಗವನ್ನು ಅಳಿಸಬೇಕು. ಪುಟ ಸರಿದರೆ ಎಲ್ಲ ಪದಗಳ ಸ್ಥಾನವನ್ನೂ ಬದಲಿಸಬೇಕು. ಕೆಲವು ತಂತ್ರಾಂಶಗಳು ಪದವನ್ನು ತುಂಡು ತುಂಡಾಗಿ ಬರೆಯುತ್ತವೆ. ಇನ್ನು ಕೆಲವು ಕಾಣದ ಜಾಗದಲ್ಲಿ ಚಿತ್ರ ಸಿದ್ಧಪಡಿಸಿ ಒಮ್ಮೆಲೇ ಪರದೆಗೆ ತರುತ್ತವೆ. ಗುಂಡಿಯ ಮೇಲೆ ಪದದ ಬದಲು ಕತ್ತರಿಯ ಚಿತ್ರವಿದ್ದರೆ ಹೆಸರೇ ಇಲ್ಲ. ಬಳಕೆದಾರನೇ ಕಣ್ಣಿದ್ದವರನ್ನು ಕೇಳಿ ಒಂದೊಂದಕ್ಕೂ ಹೆಸರಿಡಬೇಕು. ಕದ್ದು ಕೇಳಿ ತಿಳಿಯುವವನಿಗೆ ಕೇಳಿದ್ದು ಗೊತ್ತಾಗುತ್ತದೆಯೇ ಹೊರತು ಹೇಳಿದವನ ಉದ್ದೇಶ ಗೊತ್ತಾಗುವುದಿಲ್ಲ. ಆದರೂ ಈ ವಿಧಾನಕ್ಕೆ ಒಂದು ದೊಡ್ಡ ಹೆಗ್ಗಳಿಕೆ ಇತ್ತು: ತಂತ್ರಾಂಶ ಬರೆದವನ ಅನುಮತಿಯಾಗಲಿ ಸಹಕಾರವಾಗಲಿ ಬೇಕಿರಲಿಲ್ಲ. ಅಂಧರ ಬಗ್ಗೆ ಯಾರೂ ಯೋಚಿಸದ ಕಾಲದಲ್ಲಿ ಇದು ಅವರ ಕೆಲಸವನ್ನು ಉಳಿಸಿತು.

ಎರಡು ಪ್ರಯೋಗಗಳು

ಗುಪ್ತ ನಕ್ಷೆ ಸಿಕ್ಕಿತು ಎನ್ನೋಣ. ಅದನ್ನು ಹೇಗೆ ಒಪ್ಪಿಸಬೇಕು? 1990ರ ದಶಕದ ಆರಂಭದಲ್ಲಿ ಇದಕ್ಕೆ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಎರಡು ಉತ್ತರಗಳು ರೂಪುಗೊಂಡವು. ಯುರೋಪಿನ 'ಗೈಬ್' ಯೋಜನೆಯವರು ಪರದೆಯ ವಿನ್ಯಾಸವನ್ನು ಹಾಗೆಯೇ ಉಳಿಸಿದರು. ಕಿಟಕಿ ಬಲಗಡೆ ಮೇಲಿದ್ದರೆ ಅದು ಬಳಕೆದಾರನಿಗೂ ಬಲಗಡೆ ಮೇಲೆಯೇ ಇರಬೇಕು. ಬ್ರೈಲ್ ಫಲಕ ಮತ್ತು ದಿಕ್ಕು ತಿಳಿಯುವಂಥ ಧ್ವನಿ ಇದಕ್ಕೆ ಸಾಧನ. ಅಮೆರಿಕದ ಜಾರ್ಜಿಯ ತಾಂತ್ರಿಕ ಸಂಸ್ಥೆಯಲ್ಲಿ ಎಲಿಜಬೆತ್ ಮೈನಾಟ್ ಮತ್ತು ಕೀತ್ ಎಡ್ವರ್ಡ್ಸ್ ಅವರ 'ಮರ್ಕೇಟರ್' ಯೋಜನೆ ಎಡ-ಬಲಗಳನ್ನು ಕೈಬಿಟ್ಟಿತು. ಕಿಟಕಿಯೊಳಗೆ ಪಟ್ಟಿ, ಪಟ್ಟಿಯೊಳಗೆ ಆಯ್ಕೆ ಎಂಬ ಒಂದು ವೃಕ್ಷವನ್ನು ಮಾಡಿ, ಬಳಕೆದಾರ ಅದರ ಕೊಂಬೆಗಳಲ್ಲಿ ಓಡಾಡುವಂತೆ ಮಾಡಿತು. ಕಿಟಕಿಯನ್ನು ಮುಟ್ಟಿದರೆ ಗಾಜು ಬಡಿದ ಸದ್ದು. ಬರೆಯುವ ಜಾಗವಾದರೆ ಹಳೆಯ ಬೆರಳಚ್ಚು ಯಂತ್ರದ ಸದ್ದು. 1994ರಲ್ಲಿ ಮೈನಾಟ್ ಅವರೂ ಗೈಬ್ ತಂಡದ ಗೆರ್ಹಾರ್ಡ್ ವೇಬರ್ ಅವರೂ ಸೇರಿ ಎರಡನ್ನೂ ಹೋಲಿಸಿ ಒಂದೇ ಪ್ರಬಂಧ ಬರೆದರು. ಎದುರಾಳಿ ತಂಡಗಳು ಹೀಗೆ ಒಟ್ಟಿಗೆ ಬರೆಯುವುದು ವಿಜ್ಞಾನದಲ್ಲಿ ಅಪರೂಪ, ಮೆಚ್ಚತಕ್ಕದ್ದು.

ನನ್ನ ದೃಷ್ಟಿಯಲ್ಲಿ ವೃಕ್ಷದ ವಾದವೇ ಬಲವಾದದ್ದು. ಗುಂಡಿ ಬಲಗಡೆ ಇರುವುದು ಪರದೆ ಚಪ್ಪಟೆಯಾಗಿರುವುದರಿಂದ. ಗುಂಡಿಯ ಕೆಲಸಕ್ಕೂ ಅದರ ಸ್ಥಾನಕ್ಕೂ ಸಂಬಂಧ ಕಡಿಮೆ. ಆದರೆ ಯುರೋಪಿನವರ ಮಾತನ್ನು ತಳ್ಳಿಹಾಕಲಾಗದು. ಪಕ್ಕದಲ್ಲಿರುವ ಸಹೋದ್ಯೋಗಿ 'ಮೇಲೆ ಬಲಗಡೆಯ ಗುಂಡಿ ಒತ್ತಿ' ಎಂದಾಗ ವೃಕ್ಷದಲ್ಲಿರುವವನಿಗೆ ಏನೂ ತಿಳಿಯದು. ಒಂದೇ ಕಚೇರಿಯಲ್ಲಿ ಒಂದೇ ಗಣಕವನ್ನು ಹಂಚಿಕೊಳ್ಳುವವರಿಗೆ ಒಂದೇ ನಕ್ಷೆ ಬೇಕು.

ರಾಮನ್ ಹಿಡಿದ ಹಾದಿ

ಈ ಹೊತ್ತಿಗೆ ಪುಣೆಯಲ್ಲಿ ಬೆಳೆದ ಒಬ್ಬ ಗಣಿತದ ವಿದ್ಯಾರ್ಥಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಟಿ. ವಿ. ರಾಮನ್ ಅವರಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಹೋಗಿತ್ತು. ಪುಣೆ ವಿಶ್ವವಿದ್ಯಾನಿಲಯ, ಮುಂಬಯಿಯ ಐಐಟಿಗಳಲ್ಲಿ ಓದಿ ಬಂದಿದ್ದ ಅವರಿಗೆ ಎದುರಾದ ತೊಡಕು ಭೌತವಿಜ್ಞಾನ, ಗಣಿತ ಕಲಿಸುವ ನಮ್ಮೆಲ್ಲರಿಗೂ ಪರಿಚಿತವಾದದ್ದೇ. ಪ್ಲಾಂಕ್ ವಿಕಿರಣ ಸೂತ್ರದ ಛೇದವನ್ನು ತರಗತಿಯಲ್ಲಿ ಓದುವುದು ಹೇಗೆ? 'ಇ ಟು ದ ಪವರ್ ಎಚ್ ನ್ಯೂ ಬೈ ಕೆಟಿ ಮೈನಸ್ ಒನ್.' ಆ ಒಂದನ್ನು ಕಳೆಯುವುದು ಘಾತದಲ್ಲೋ, ಘಾತದ ಹೊರಗೋ? ಬೋರ್ಡಿನ ಮೇಲೆ ಬರೆದಿರುವುದರಿಂದ ಕಣ್ಣಿರುವ ವಿದ್ಯಾರ್ಥಿಗೆ ಗೊಂದಲವಿಲ್ಲ. ಕೇಳುವವನಿಗೆ ಎರಡೂ ಸಾಧ್ಯ. ಘಾತದೊಳಗೆ ಎಂದುಕೊಂಡರೆ ಪ್ಲಾಂಕ್ ಸೂತ್ರವೇ ಕೈತಪ್ಪಿ ವೀನ್ ಸೂತ್ರವನ್ನು ಹೋಲುವ ಇನ್ನೇನೋ ಬರುತ್ತದೆ!

1994ರ ತಮ್ಮ ಪ್ರಬಂಧದಲ್ಲಿ ರಾಮನ್ 'ಆಸ್ಟರ್' ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಅದು ಅವರ ಮಾರ್ಗದರ್ಶಿ ನಾಯಿಯ ಹೆಸರೂ ಹೌದು. ಅಚ್ಚಾದ ಸೂತ್ರವನ್ನು ಬಿಟ್ಟು, ಅದನ್ನು ಅಚ್ಚಿಗೆ ಸಿದ್ಧಪಡಿಸಲು ಲೇಖಕ ಲೇಟೆಕ್ ಭಾಷೆಯಲ್ಲಿ ಬರೆದ ಮೂಲವನ್ನೇ ಆಸ್ಟರ್ ತೆಗೆದುಕೊಳ್ಳುತ್ತದೆ. ಅಲ್ಲಿ ಘಾತ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬುದು ನಿಸ್ಸಂದಿಗ್ಧ. ಘಾತವನ್ನು ಓದುವಾಗ ಧ್ವನಿಯ ಸ್ಥಾಯಿ ಏರುತ್ತದೆ, ಅಡಿಬರಹಕ್ಕೆ ಇಳಿಯುತ್ತದೆ. ಮೇಲೆ-ಕೆಳಗೆ ಎಂಬ ಕಣ್ಣಿನ ಸಂಜ್ಞೆಗೆ ಕಿವಿಯ ಸಮಾನ ಸಂಜ್ಞೆ! ಉದ್ದದ ಸೂತ್ರವಾದರೆ ಒಂದು ಭಾಗಕ್ಕೆ ತಾತ್ಕಾಲಿಕ ಹೆಸರಿಟ್ಟು ಮೊದಲು ಒಟ್ಟು ರಚನೆಯನ್ನು ಕೇಳಿ, ನಂತರ ಭಾಗಕ್ಕೆ ಇಳಿಯಬಹುದು. ಈ ಪ್ರಬಂಧಕ್ಕೆ ಎಸಿಎಂ ಸಂಸ್ಥೆಯ ಪಿಎಚ್.ಡಿ. ಪ್ರಬಂಧ ಪ್ರಶಸ್ತಿ ದೊರೆಯಿತು.

1995ರಲ್ಲಿ ಅವರು ಬಿಡುಗಡೆ ಮಾಡಿದ 'ಇಮ್ಯಾಕ್‌ಸ್ಪೀಕ್' ಇದೇ ತತ್ತ್ವವನ್ನು ಇಡೀ ಗಣಕ ಬಳಕೆಗೆ ಹಬ್ಬಿಸಿತು. ರಾಮನ್ ಅವರೇ ಕೊಡುವ ಉದಾಹರಣೆ ಕ್ಯಾಲೆಂಡರಿನದು. ತಿಂಗಳಿನ ಕೋಷ್ಟಕವನ್ನು ಸಾಮಾನ್ಯ ಸ್ಕ್ರೀನ್ ರೀಡರ್ ಓದಿದರೆ ಬರೀ ಅಂಕಿಗಳ ಸಾಲು ಕೇಳುತ್ತದೆ. ಹದಿನೈದು ಯಾವ ವಾರವೆಂದು ತಿಳಿಯಲು ಕೋಷ್ಟಕದ ತಲೆಯವರೆಗೆ ಹೋಗಬೇಕು. ಇಮ್ಯಾಕ್‌ಸ್ಪೀಕ್ ಕ್ಯಾಲೆಂಡರ್ ಕ್ರಮವಿಧಿಯ ಒಳಗೇ ಕುಳಿತಿರುವುದರಿಂದ ವಾರ, ತಿಂಗಳು, ತಾರೀಖು ಎಲ್ಲವನ್ನೂ ವಾಕ್ಯವಾಗಿ ಹೇಳುತ್ತದೆ. ಇಲ್ಲಿ ಪರದೆಯನ್ನು ಓದುವ ಪ್ರಶ್ನೆಯೇ ಇಲ್ಲ, ಕ್ರಮವಿಧಿಯೇ ಮಾತನಾಡುತ್ತದೆ. ಕೊರತೆ ಏನೆಂದರೆ ಇದು ಇಮ್ಯಾಕ್ಸ್ ಎಂಬ ಒಂದು ಪರಿಸರದ ಒಳಗೆ ಮಾತ್ರ. ಅಲ್ಲಿ ವಾಸಿಸಲು ಒಪ್ಪಿದವರಿಗೆ ಅರಮನೆ. ಉಳಿದವರಿಗೆ, ಅಂದರೆ ಬ್ಯಾಂಕಿನ ಗುಮಾಸ್ತನಿಗೆ, ಶಾಲಾ ಶಿಕ್ಷಕಿಗೆ, ಅದು ಒದಗಲಿಲ್ಲ.

ಕದ್ದು ಕೇಳುವುದರಿಂದ ಕೇಳಿ ತಿಳಿಯುವುದಕ್ಕೆ

ಎಲ್ಲರಿಗೂ ಒದಗುವಂತೆ ಅರ್ಥವನ್ನು ಪಡೆಯುವ ಮಧ್ಯಮಾರ್ಗ 1997ರಲ್ಲಿ ಮೈಕ್ರೋಸಾಫ್ಟ್‌ನ 'ಆಕ್ಟಿವ್ ಆಕ್ಸೆಸಿಬಿಲಿಟಿ'ಯೊಂದಿಗೆ ಬಂತು. ಪರದೆಯ ಮೇಲಿನ ಪ್ರತಿಯೊಂದು ವಸ್ತುವನ್ನೂ ಸ್ಕ್ರೀನ್ ರೀಡರ್ ನೇರವಾಗಿ ಪ್ರಶ್ನಿಸಬಹುದು: ನಿನ್ನ ಹೆಸರೇನು, ನೀನು ಗುಂಡಿಯೋ ಪಟ್ಟಿಯೋ, ಈಗ ಯಾವ ಸ್ಥಿತಿಯಲ್ಲಿದ್ದೀಯೆ, ನಿನ್ನ ಬೆಲೆ ಎಷ್ಟು, ಎಲ್ಲಿದ್ದೀಯೆ? ಇದು ಮರ್ಕೇಟರ್‌ನ ವೃಕ್ಷವೇ. ಆದರೆ ಊಹಿಸಿದ್ದಲ್ಲ, ತಂತ್ರಾಂಶವೇ ಕೊಟ್ಟದ್ದು. ಲಿನಕ್ಸ್, ಮ್ಯಾಕ್‌ಗಳಲ್ಲಿಯೂ ಇಂಥ ವ್ಯವಸ್ಥೆಗಳು ಬಂದವು. ಆದರೆ ಪ್ರಶ್ನೆಗೆ ಉತ್ತರ ಬರಬೇಕಾದರೆ ತಂತ್ರಾಂಶ ಬರೆದವನು ಉತ್ತರವನ್ನು ಬರೆದಿಟ್ಟಿರಬೇಕು. ಹೊರೆ ಸ್ಕ್ರೀನ್ ರೀಡರ್ ರಚಿಸುವವನಿಂದ ತಂತ್ರಾಂಶ ಬರೆಯುವವನ ಮೇಲೆ ಸರಿಯಿತು. ಹಾಗಾಗಿ ಕಾನೂನಿನ ಒತ್ತಾಯವೂ ಬೇಕಾಯಿತು. ಅಮೆರಿಕದಲ್ಲಿ 1998ರಲ್ಲಿ ತಿದ್ದುಪಡಿಯಾದ 508ನೆಯ ವಿಧಿ, ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ದಿಕ್ಕಿನವು.

ಜಾಲತಾಣಗಳಲ್ಲಿಯೂ ಇದೇ ಕಥೆ. ಐಬಿಎಂನ ಜಪಾನಿನ ಸಂಶೋಧಕಿ, ಸ್ವತಃ ಅಂಧರಾದ ಚಿಯೆಕೊ ಅಸಕಾವ 1997ರಲ್ಲಿ ತಂದ 'ಹೋಮ್ ಪೇಜ್ ರೀಡರ್' ಪುಟದ ಚಿತ್ರವನ್ನು ಬಿಟ್ಟು ಅದರ ಎಚ್‌ಟಿಎಂಎಲ್ ಮೂಲವನ್ನು ಓದುತ್ತಿತ್ತು. ಸಾಮಾನ್ಯ ಪಠ್ಯಕ್ಕೆ ಗಂಡು ಧ್ವನಿ, ಕೊಂಡಿಗಳಿಗೆ ಹೆಣ್ಣು ಧ್ವನಿ.

2006ರಲ್ಲಿ ಆಸ್ಟ್ರೇಲಿಯದ ಅಂಧ ಯುವಕ ಮೈಕೆಲ್ ಕರ್ರನ್ ಎನ್‌ವಿಡಿಎ ಬರೆಯಲು ತೊಡಗಿದರು. ಜಾಸ್‌ನ ಬೆಲೆ ಆಗ ಸುಮಾರು ಸಾವಿರ ಡಾಲರು. ಗಣಕಕ್ಕಿಂತ ಅದನ್ನು ಓದುವ ತಂತ್ರಾಂಶವೇ ದುಬಾರಿ. ಎನ್‌ವಿಡಿಎ ಮುಕ್ತ ಮತ್ತು ಉಚಿತ. ಒಬ್ಬ ಯುವಕ ಇದನ್ನು ಆರಂಭಿಸಲು ಸಾಧ್ಯವಾದದ್ದಕ್ಕೆ ಅವರ ಛಲದೊಂದಿಗೆ ವಿನ್ಯಾಸವೂ ಕಾರಣ. ಚಿತ್ರಚಾಲಕಗಳಲ್ಲಿ ಕೈಯಾಡಿಸಿ ಗುಪ್ತ ನಕ್ಷೆ ಕಟ್ಟುವುದು ದೊಡ್ಡ ತಂಡದ ಕೆಲಸ. ತಂತ್ರಾಂಶವನ್ನೇ ಕೇಳುವ ಸೌಲಭ್ಯ ಬಂದಮೇಲೆ ಅಷ್ಟೊಂದು ಶ್ರಮ ಬೇಕಿಲ್ಲ. ಹಳೆಯ ಹಾದಿಯ ವಿಂಡೋ-ಐಸ್ 2017ರಲ್ಲಿ ನಿಂತುಹೋಯಿತು. ಜಾಸ್ ಕೂಡ ಕಾಲಕ್ರಮದಲ್ಲಿ ಹೊಸ ಹಾದಿಗೇ ಒಗ್ಗಿಕೊಂಡಿತು.

ಸೋತಿತೆಂದುಕೊಂಡಿದ್ದ ಯುರೋಪಿನ ವಾದ ಮರಳಿ ಬಂದದ್ದು ಫೋನಿನಲ್ಲಿ. ಕೀಲಿಮಣೆಯಿಲ್ಲದ ನುಣುಪು ಗಾಜಿನ ಫೋನು ಅಂಧರಿಗೆ ಅಸಾಧ್ಯವೆಂದೇ ಎಲ್ಲರೂ ಭಾವಿಸಿದ್ದರು. 2009ರ ಐಫೋನ್ 3ಜಿಎಸ್‌ನಲ್ಲಿ ಆಪಲ್ ಅಳವಡಿಸಿದ ವಾಯ್ಸ್‌ಓವರ್‌ನಲ್ಲಿ ಬೆರಳು ಗಾಜಿನ ಮೇಲೆ ಎಲ್ಲಿ ಹರಿದರೂ ಅಲ್ಲಿರುವ ವಸ್ತುವಿನ ಹೆಸರು ಕೇಳುತ್ತದೆ. ಎರಡು ಸಲ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಬೆರಳನ್ನು ಪಕ್ಕಕ್ಕೆ ಚಿಮ್ಮಿದರೆ ವೃಕ್ಷದ ಮುಂದಿನ ವಸ್ತು. ಸ್ಥಾನವೂ ಉಂಟು, ಕ್ರಮವೂ ಉಂಟು. 1994ರ ಪ್ರಬಂಧದ ಎರಡೂ ಪಕ್ಷಗಳು ಒಂದೇ ಅಂಗೈಯಗಲದ ಗಾಜಿನಲ್ಲಿ ಕೂಡಿದವು.

ಕನ್ನಡ ಕಡತಗಳ ಸಂಗತಿ

ಈಗ ನಮ್ಮ ಮೇಜಿನ ಮೇಲಿರುವ ಕಡತಗಳಿಗೆ ಬರೋಣ. ಇ-ಸ್ಪೀಕ್ ಎಂಬ ಮುಕ್ತ ಸಂಶ್ಲೇಷಕ ಕನ್ನಡವನ್ನು ಓದಬಲ್ಲದು; ಎನ್‌ವಿಡಿಎ ಜೊತೆಗೇ ಅದು ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಧ್ವನಿ ಸಂಶ್ಲೇಷಣೆ ಮತ್ತು ಮುದ್ರಿತ ಕನ್ನಡವನ್ನು ಗುರುತಿಸುವ ತಂತ್ರಾಂಶಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಹಾಗಿದ್ದರೂ ಕನ್ನಡದ ಎಷ್ಟೋ ಟಿಪ್ಪಣಿ, ಪ್ರಶ್ನೆಪತ್ರಿಕೆಗಳ ಕಡತಗಳನ್ನು ತೆರೆದರೆ ಸ್ಕ್ರೀನ್ ರೀಡರ್ ಏನೋ ಬಡಬಡಿಸುತ್ತದೆ. ಏಕೆ?

ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಗಳು ಇಂಗ್ಲಿಷ್ ಮತ್ತು ಇತರ ಯುರೋಪಿಯನ್ ಅಕ್ಷರಗಳ ಸಂಕೇತಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದವು. ಅಂದಿನ ಸೀಮಿತ ಜಾಗದಲ್ಲಿ ಅದೊಂದು ಜಾಣ ಉಪಾಯವೇ. ಅಲ್ಲಿ 80ನೆಯ ಸಂಕೇತ, ಅಂದರೆ ಇಂಗ್ಲಿಷಿನ ದೊಡ್ಡ 'ಪಿ', ತಲೆಕಟ್ಟಿಲ್ಲದ 'ಕ'. ತಲೆಕಟ್ಟು ಇನ್ನೊಂದು ಸಂಕೇತ. 'ಕನ್ನಡ' ಎಂಬ ಪದದಲ್ಲಿ 'ನ'ಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ, ಒತ್ತಕ್ಷರದ ಜಾಗದಲ್ಲಿ ಜರ್ಮನ್ ಅಕ್ಷರ, 'ಡ'ಕಾರಕ್ಕೆ ಇಂಗ್ಲಿಷಿನ 'ಕ್ಯೂ'. ಕಣ್ಣಿಗೆ ಅಚ್ಚುಕಟ್ಟಾದ 'ಕನ್ನಡ'. ಸ್ಕ್ರೀನ್ ರೀಡರಿಗೆ ಪಿ, ಪೌಂಡ್, ಕ್ಯೂ. ಚುಕ್ಕಿಗಳ ಗೋಡೆಯನ್ನೇ ಇಲ್ಲಿ ಅಕ್ಷರಗಳಿಂದ ಕಟ್ಟಿದಂತಾಯಿತು.

ಕ್ರಮದ ಪ್ರಶ್ನೆಯೂ ಇದೆ. 'ಸೂರ್ಯ' ಎಂಬುದನ್ನು ಅರ್ಕಾವತ್ತಿನಿಂದ ಬರೆಯುವಾಗ 'ಯ' ಮೊದಲು, ರೇಫದ ಗುರುತು ನಂತರ. ಉಚ್ಚಾರದಲ್ಲಿ ರೇಫ ಮೊದಲು. ಹಳೆಯ ಶೈಲಿಗಳು ಕಡತದಲ್ಲಿ ಇಟ್ಟದ್ದು ಕಾಣುವ ಕ್ರಮವನ್ನು. ಯೂನಿಕೋಡ್ ಇಡುವುದು ಉಚ್ಚಾರದ ಕ್ರಮವನ್ನು, ಚಿತ್ರವನ್ನು ಅಕ್ಷರಶೈಲಿಗೆ ಬಿಟ್ಟು. ಓದುವ ಯಂತ್ರಕ್ಕೆ ಬೇಕಾದದ್ದು ಎರಡನೆಯದು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೂ ಇಂದಿಗೂ ಹಲವು ಮುದ್ರಣಾಲಯಗಳ ಪುಟವಿನ್ಯಾಸದಲ್ಲಿ ಹಳೆಯ ಶೈಲಿಗಳೇ ನಡೆಯುತ್ತಿವೆ. ಅಲ್ಲಿಂದ ಬರುವ ಪಿಡಿಎಫ್‌ಗಳಲ್ಲಿ ಪಠ್ಯ ಹಾಗೆಯೇ ಉಳಿಯುತ್ತದೆ. ಪುಟವನ್ನು ಸ್ಕ್ಯಾನ್ ಮಾಡಿ ಹಂಚಿದರಂತೂ ಅಷ್ಟೂ ಇಲ್ಲ.

ವಿಜ್ಞಾನದ ಟಿಪ್ಪಣಿಯಾದರೆ ಸಮೀಕರಣಗಳೂ ಇರುತ್ತವೆ. ಹತ್ತನೆಯ ತರಗತಿಯ ನಂತರ ಅಂಧ ವಿದ್ಯಾರ್ಥಿಗಳು ವಿಜ್ಞಾನ ಶಾಖೆಗೆ ಬರುವುದು ನಮ್ಮಲ್ಲಿ ವಿರಳ. ಅದಕ್ಕೆ ಪ್ರಯೋಗಾಲಯ, ರೇಖಾಚಿತ್ರ ಎಂದು ಹಲವು ಕಾರಣ ಹೇಳುತ್ತೇವೆ. ಸಮೀಕರಣದ ಮಟ್ಟಿಗಾದರೂ ಆ ಕಾರಣ ಈಗ ನಿಲ್ಲದು. ಗಣಿತವನ್ನು ರಚನೆಸಹಿತ ಬರೆ‌ದಿಡುವ ಮ್ಯಾಥ್‌ಎಂಎಲ್ ಭಾಷೆ 1998ರಿಂದಲೂ ಇದೆ, ಅದನ್ನು ಓದುವ ಸೌಲಭ್ಯ ಇಂದಿನ ಸ್ಕ್ರೀನ್ ರೀಡರ್‌ಗಳಲ್ಲಿದೆ. ವರ್ಡ್‌ನ ಸಮೀಕರಣ ಸೌಲಭ್ಯದಲ್ಲಿಯೋ ಲೇಟೆಕ್‌ನಲ್ಲಿಯೋ ಬರೆದ ಸೂತ್ರವನ್ನು ಆ ರೂಪಕ್ಕೆ ತರಬಹುದು. ಬೇರೆಲ್ಲಿಂದಲೋ ಕತ್ತರಿಸಿ ಚಿತ್ರವಾಗಿ ಅಂಟಿಸಿದ್ದಾದರೆ ಆಸ್ಟರ್‌ನಿಂದ ಇಲ್ಲಿಯವರೆಗಿನ ಯಾವ ವಿನ್ಯಾಸವೂ ಉಪಯೋಗಕ್ಕೆ ಬರುವುದಿಲ್ಲ. ಸೂತ್ರವಿರುವ ಜಾಗದಲ್ಲಿ 'ಗ್ರಾಫಿಕ್' ಎಂಬ ಒಂದೇ ಪದ ಕೇಳುತ್ತದೆ; ಮರುಕ್ಷಣವೇ ಅದೇ ಧ್ವನಿ 'ಇಲ್ಲಿ ಎಂ ಎಂಬುದು ವಸ್ತುವಿನ ದ್ರವ್ಯರಾಶಿ' ಎಂದು ಮುಂದಿನ ಸಾಲನ್ನು ಸರಾಗವಾಗಿ ಓದಿಕೊಂಡು ಹೋಗುತ್ತದೆ.